ನಲವತ್ತಾರಕ್ಕೆ ಮೊದಲ ಕಾದಂಬರಿ

ಮಧ್ಯಾಹ್ನ ಎರಡು ಗಂಟೆ. ಯಜಮಾನರು ಊಟ ಮುಗಿಸಿ ಅಂಗಡಿಗೆ ಹೋಗಿರ್ತಾರೆ, ಅತ್ತೆಯವರು ಅಡ್ಡಾಗಿರ್ತಾರೆ, ಮಕ್ಕಳು ಶಾಲೆಯಿಂದ ಬರೋಕೆ ಇನ್ನೂ ಹೊತ್ತಿರ್ತದೆ. ನಮ್ಮ ಸಿಂಧನೂರಿನ ಬಿಸಿಲಿಗೆ ಆ ಹೊತ್ತಲ್ಲಿ ಬೀದಿಯಲ್ಲಿ ನಾಯಿ ಕೂಡ ಓಡಾಡೋದಿಲ್ಲ. ಗೆಳತಿಯರೇ, ಆ ಒಂದೂವರೆ ಗಂಟೆ ಹೊತ್ತು ನೀವು ಏನು ಮಾಡ್ತೀರಿ? ಟಿವಿ ನೋಡುವವರಿದ್ದಾರೆ, ಫೋನಿನಲ್ಲಿ ರೀಲ್ಸ್ ನೋಡುವವರಿದ್ದಾರೆ. ಆದರೆ ಯಾರಿಗೂ ಗೊತ್ತಾಗದ ಹಾಗೆ ಮಗನ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಏನೋ ಬರೆದು, ಬಾಗಿಲು ಬಡಿದ ಕೂಡಲೇ ಸೀರೆಗಳ ಕೆಳಗೆ ಅಡಗಿಸಿ ಇಡುವವರೂ ಇದ್ದಾರೆ. ಎಷ್ಟು ಜನ ಅಂತ ಎಣಿಸಿದವರಿಲ್ಲ. ಒಬ್ಬರಂತೂ ನನಗೆ ಚೆನ್ನಾಗಿ ಗೊತ್ತು. ಮಸ್ಕಿಯಲ್ಲಿರುವ ನನ್ನ ಅಕ್ಕ.

ಅಕ್ಕನಿಗೆ ಈಗ ನಲವತ್ಮೂರು. ಹೋದ ದೀಪಾವಳಿಗೆ ನಾವೆಲ್ಲ ತವರಿಗೆ, ಅಂದರೆ ಲಿಂಗಸುಗೂರಿಗೆ ಹೋದಾಗ ರಾತ್ರಿ ಮಾಳಿಗೆ ಮೇಲೆ ಮಲಗಿ ಮಾತಾಡ್ತಾ ಇದ್ದಾಗ ವಿಷಯ ಹೊರಗೆ ಬಂತು. ನಮ್ಮ ಅಜ್ಜಿಯ ತಂಗಿ, ನಾವು ಸಣ್ಣಜ್ಜಿ ಅಂತಿದ್ದವರು, ಬಾಲವಿಧವೆ. ಆ ಮನೆಯ ಹಿಂದಿನ ಕೋಣೆಯಲ್ಲೇ ಬದುಕು ಕಳೆದವರು. ನನಗೆ ಅವರ ನೆನಪೇ ಇಲ್ಲ. ಅಕ್ಕ ಮಾತ್ರ ಹತ್ತು ವರ್ಷದವಳಾಗುವ ತನಕ ಅವರ ಮಗ್ಗುಲಲ್ಲೇ ಮಲಗಿದವಳು, ಅವರ ಬಾಯಿಂದ ಎಲ್ಲ ಕೇಳಿದವಳು. ಅದನ್ನು ಬರೀಬೇಕು ಅಂತ ಅವಳಿಗೆ ಎಷ್ಟೋ ವರ್ಷದ ಆಸೆ. ಮನೆಯಲ್ಲಿ ಒಮ್ಮೆ ಬಾಯಿ ಬಿಟ್ಟದ್ದಕ್ಕೆ, ಮನೆ ಗುಟ್ಟು ರಟ್ಟು ಮಾಡೋದು ಯಾಕೆ ಅಂತ ದೊಡ್ಡವರು ಗದರಿದರಂತೆ. ಅಲ್ಲದೆ ಅವಳಿಗೇ ಒಂದು ಅನುಮಾನ. ನಲವತ್ತು ದಾಟಿತು, ಓದಿದ್ದು ಪಿಯುಸಿ, ಇನ್ನು ಈ ವಯಸ್ಸಿಗೆ ಕಾದಂಬರಿ ಅಂತ ಕೂತರೆ ಜನ ನಗೋದಿಲ್ಲವೇ?

ಅವತ್ತು ನಾನು ಅವಳಿಗೆ ಎಂ.ಕೆ. ಇಂದಿರಾ ಅವರ ಕಥೆ ಹೇಳಿದೆ. ಕಾದಂಬರಿಯ ಕಥೆ ಅಲ್ಲ, ಅವರದೇ ಬದುಕಿನ ಕಥೆ. ಅದನ್ನೇ ಈ ವಾರ ನಿಮಗೂ ಹೇಳೋಣ ಅಂತ.

ಏಳು ವರ್ಷದ ಶಾಲೆ, ಹನ್ನೆರಡಕ್ಕೆ ಮದುವೆ

ಇಂದಿರಾ ಹುಟ್ಟಿದ್ದು 1917ರ ಜನವರಿ 5ರಂದು, ತೀರ್ಥಹಳ್ಳಿಯಲ್ಲಿ. ತಂದೆ ಸೂರ್ಯನಾರಾಯಣ ರಾವ್, ತಾಯಿ ಬನಶಂಕರಮ್ಮ. ಚಿಕ್ಕಮಗಳೂರು ಜಿಲ್ಲೆಯ ನರಸಿಂಹರಾಜಪುರದ ಕಡೆಯ ಕೃಷಿಕ ಮನೆತನ. ಅನ್ನಕ್ಕೆ ಕೊರತೆ ಇಲ್ಲದ ಮನೆ. ಆದರೆ ಹೆಣ್ಣುಮಗಳ ಓದಿಗೆ ಅಲ್ಲಿ ಒಂದು ಗಡಿ ಇತ್ತು. ಶಾಲೆ ಕಲಿತದ್ದು ಏಳೇ ವರ್ಷ. ಹನ್ನೆರಡು ತುಂಬುವ ಹೊತ್ತಿಗೆ ಮದುವೆ. ಗಂಡ ಕೃಷ್ಣರಾವ್, ಊರು ಮಂಡಗದ್ದೆ. ನಾವು ಎಂ.ಕೆ. ಅಂತ ಹೇಳುವುದು ಮಂಡಗದ್ದೆ ಕೃಷ್ಣರಾವ್ ಅನ್ನುವ ಆ ಹೆಸರನ್ನೇ.

ಹನ್ನೆರಡು ಅಂದರೆ ಈಗ ನಮ್ಮ ಮಕ್ಕಳು ಏಳನೇ ಕ್ಲಾಸು. ನನ್ನ ಮಗಳಿಗೆ ಇನ್ನೂ ತಲೆ ಬಾಚಿಕೊಳ್ಳೋಕೆ ಬರೋದಿಲ್ಲ! ಆದರೆ ಆಗ ಅದು ತಪ್ಪೇನೂ ಆಗಿರಲಿಲ್ಲ, ಕಾನೂನಿನ ಪ್ರಕಾರವೂ ಅಲ್ಲ. ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ಬಂದ ಕಾಯ್ದೆ ತಡೆದಿದ್ದು ಮುಖ್ಯವಾಗಿ ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು. ಹುಡುಗಿಗೆ ಹದಿನಾಲ್ಕಾದರೂ ಆಗಿರಬೇಕು ಅನ್ನುವ ಶಾರದಾ ಕಾಯ್ದೆ 1929ರಲ್ಲಿ ಬಂದರೂ ಅದು ಬ್ರಿಟಿಷರ ಕೈಯಲ್ಲಿದ್ದ ಪ್ರಾಂತಗಳಿಗೆ. ಸಂಸ್ಥಾನಗಳಿಗೆ ಅದರ ಗಾಳಿ ಸೋಕಲಿಲ್ಲ. ನಮ್ಮ ರಾಯಚೂರು ಜಿಲ್ಲೆಯಂತೂ ಆಗ ನಿಜಾಮರ ಕೆಳಗಿತ್ತು.

ಮದುವೆ ಆದ ಮೇಲೆ ಮುಂದಿನ ಮೂವತ್ತು ಮೂವತ್ತೈದು ವರ್ಷ ಇಂದಿರಾ ಏನಾಗಿದ್ದರು? ನಾವು ಏನಾಗಿದ್ದೇವೋ ಅದೇ. ಗೃಹಿಣಿ. ಜಾತ್ರೆ, ಹಬ್ಬ, ಬಾಣಂತನ, ಬಂದವರು ಹೋದವರು. ಲೇಖಕಿಯರ ಬದುಕಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಈ ವರ್ಷಗಳನ್ನು ಒಂದು ಸಾಲಿನಲ್ಲಿ ದಾಟಿಬಿಡ್ತಾರೆ. ನನಗೆ ಮಾತ್ರ ಅದೇ ಮುಖ್ಯ ಅನಿಸ್ತದೆ. ಯಾಕೆಂದರೆ ಆ ವರ್ಷಗಳಲ್ಲಿ ಅವರು ಎರಡು ಕೆಲಸ ಬಿಡಲಿಲ್ಲ. ಒಂದು, ಓದು. ಶಾಲೆ ಬಿಟ್ಟರೂ ಕನ್ನಡ ಕಾವ್ಯಗಳನ್ನು ಓದಿಕೊಂಡರು. ಹಿಂದಿಯನ್ನೂ ಕಲಿತು ಅದರ ಸಾಹಿತ್ಯವನ್ನೂ ಚೆನ್ನಾಗಿಯೇ ಬಲ್ಲವರಾದರು. ಎರಡನೆಯದು, ಕೇಳುವುದು. ಮಲೆನಾಡಿನ ದೊಡ್ಡ ಮನೆಗಳ ಒಳಗೆ ಹೆಂಗಸರು ಹೆಂಗಸರಿಗೆ ಮಾತ್ರ ಹೇಳುವ ಮಾತುಗಳಿರ್ತಾವಲ್ಲ, ಅವನ್ನು ಕಿವಿಗೊಟ್ಟು ಕೇಳಿ ಮನಸ್ಸಿನಲ್ಲಿ ಇಟ್ಟುಕೊಂಡರು. ಮುಂದೆ ಅವರ ಕಾದಂಬರಿಗಳಿಗೆ ಬಂಡವಾಳ ಆದದ್ದು ಇದೇ. ಕಾಲೇಜಿನ ಪದವಿ ಅಲ್ಲ.

ನಾನು ಬಿ.ಎ. ಮಾಡಿದವಳು. ಮೂರು ವರ್ಷ ಐಚ್ಛಿಕ ಕನ್ನಡ ಓದಿದ್ದೇನೆ. ಅಡುಗೆಮನೆಯಲ್ಲಿ ನಮ್ಮ ಅತ್ತೆ ರೊಟ್ಟಿ ಬಡೀತಾ ಹೇಳಿದ ಒಂದು ಕಥೆಗೆ ಸಮನಾದದ್ದು ಆ ಮೂರು ವರ್ಷದಲ್ಲಿ ನನಗೆ ಸಿಕ್ಕಲಿಲ್ಲ ಅಂದರೆ ನನ್ನ ಮೇಷ್ಟ್ರುಗಳು ಬೇಜಾರು ಮಾಡ್ಕೋಬಾರದು.

ಮಂಡ್ಯದಲ್ಲಿ ಸಿಕ್ಕ ಗೆಳತಿ

ಇಂದಿರಾ ಅವರು ಕೆಲವು ಕಾಲ ಮಂಡ್ಯದಲ್ಲಿದ್ದರು. ಅಲ್ಲಿ ಅವರಿಗೆ ತ್ರಿವೇಣಿ ಅವರ ಪರಿಚಯ ಆಯಿತು. ಹೌದು, ‘ಶರಪಂಜರ’, ‘ಬೆಳ್ಳಿಮೋಡ’ ಬರೆದ ಅದೇ ತ್ರಿವೇಣಿ. ನಿಜನಾಮ ಅನಸೂಯಾ ಶಂಕರ್. ಬಿ.ಎಂ.ಶ್ರೀ ಅವರ ತಮ್ಮನ ಮಗಳು, ಮನಶ್ಶಾಸ್ತ್ರ ಓದಿದ ಪದವೀಧರೆ. 1953ರಲ್ಲೇ ಮೊದಲ ಕಾದಂಬರಿ ‘ಅಪಸ್ವರ’ ಬಂದು, ಒಂದರ ಹಿಂದೆ ಒಂದು ಬರೆದು, ಕನ್ನಡ ಹೆಣ್ಣುಮಕ್ಕಳೆಲ್ಲ ಕಾದು ಓದುವಂಥ ಹೆಸರು ಮಾಡಿದ್ದವರು.

ಇಲ್ಲಿ ಒಂದು ಲೆಕ್ಕ ನೋಡ್ರಿ. ತ್ರಿವೇಣಿ ಹುಟ್ಟಿದ್ದು 1928ರಲ್ಲಿ. ಅಂದರೆ ಇಂದಿರಾ ಅವರಿಗಿಂತ ಹನ್ನೊಂದು ವರ್ಷ ಚಿಕ್ಕವರು. ಇವರು ಏಳು ವರ್ಷ ಶಾಲೆ ಕಂಡವರು, ಅವರು ಕಾಲೇಜು ಮುಗಿಸಿದವರು. ಇವರ ಒಂದು ಪುಸ್ತಕವೂ ಅಚ್ಚಾಗಿರಲಿಲ್ಲ, ಅವರ ಹೆಸರು ಮನೆಮನೆಯಲ್ಲಿತ್ತು. ನಮ್ಮ ಕಡೆಯ ಎಷ್ಟೋ ಹಿರಿಯ ಹೆಂಗಸರಿಗೆ ತಮಗಿಂತ ಚಿಕ್ಕವಳ ಎದುರು ತಮ್ಮ ಬರವಣಿಗೆ ಬಿಚ್ಚಿ ತೋರಿಸುವುದೆಂದರೆ ಎದೆ ಡವಡವ ಅಂತದೆ. ಇಂದಿರಾ ತೋರಿಸಿದರು. ತ್ರಿವೇಣಿ ಓದಿ ಮೆಚ್ಚಿದರು. ಮೆಚ್ಚಿ ಸುಮ್ಮನಾಗಲಿಲ್ಲ, ಇದನ್ನು ಅಚ್ಚು ಮಾಡಿಸಲೇಬೇಕು ಅಂತ ಹುರಿದುಂಬಿಸಿದರು.

ಕಾದಂಬರಿ ಬರೆಯಲು ಕೂತಾಗ ಇಂದಿರಾ ಅವರಿಗೆ ನಲವತ್ತೈದು. ‘ತುಂಗಭದ್ರಾ’ ಅಚ್ಚಾಗಿ ಬಂದದ್ದು 1963ರಲ್ಲಿ, ಅವರಿಗೆ ನಲವತ್ತಾರಾಗಿದ್ದಾಗ. ಅದೇ 1963ರ ಜುಲೈ 29ರಂದು ತ್ರಿವೇಣಿ ತೀರಿಕೊಂಡರು. ಹೆಣ್ಣುಮಗು ಹುಟ್ಟಿ ಹತ್ತೇ ದಿನ ಆಗಿತ್ತು. ತಾಯಿಗೆ ಮೂವತ್ನಾಲ್ಕು ವಯಸ್ಸು. ಹತ್ತೇ ವರ್ಷದಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದವರು. ಇನ್ನೊಂದು, ‘ಅವಳ ಮಗಳು’, ಅರ್ಧಕ್ಕೆ ನಿಂತಿತು. ಅದನ್ನು ಮುಂದೆ ಎಂ.ಸಿ. ಪದ್ಮಾ ಪೂರ್ತಿ ಮಾಡಿದರು. ನಲವತ್ತಾರಕ್ಕೆ ಶುರು ಮಾಡಿದವರಿಗೆ ಮುಂದೆ ಮೂವತ್ತೊಂದು ವರ್ಷ ಸಿಕ್ಕಿತು. ಇಪ್ಪತ್ತೈದರ ಒಳಗೇ ಶುರು ಮಾಡಿದವರಿಗೆ ಹತ್ತೇ ಸಿಕ್ಕಿತು. ಈ ಸಂಗತಿ ನೆನೆದಾಗಲೆಲ್ಲ ನನಗೆ ಸ್ವಲ್ಪ ಹೊತ್ತು ಮಾತೇ ಬರೋದಿಲ್ಲ.

‘ತುಂಗಭದ್ರಾ’ಕ್ಕೆ ರಾಜ್ಯ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. ಮೊದಲ ಕಾದಂಬರಿಗೇ! ಆಮೇಲೆ 1965ರಲ್ಲಿ ‘ಸದಾನಂದ’, 1967ರಲ್ಲಿ ‘ನವರತ್ನ’. ಅವಕ್ಕೂ ಬಹುಮಾನ.

ಅಂದಹಾಗೆ, ತುಂಗಭದ್ರಾ ಅನ್ನುವ ಹೆಸರು ಓದಿದ ಕೂಡಲೇ ನಮ್ಮ ಸಿಂಧನೂರಿನವರಿಗೆ ನೆನಪಾಗುವುದು ಎಡದಂಡೆ ಕಾಲುವೆ. ನೀರು ಬಿಟ್ಟರಾ, ಬಿಡಲಿಲ್ವಾ, ಎರಡನೇ ಬೆಳೆಗೆ ಸಿಗ್ತದಾ ಅನ್ನುವ ಮಾತೇ ನಮಗೆ. ಇಂದಿರಾ ಹುಟ್ಟಿದ ತೀರ್ಥಹಳ್ಳಿ ಇರುವುದು ತುಂಗೆಯ ದಂಡೆ ಮೇಲೆ. ಅಲ್ಲಿಂದ ಇಳಿದ ತುಂಗೆ ಶಿವಮೊಗ್ಗ ದಾಟಿ ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿ ತುಂಗಭದ್ರೆ ಆಗಿ, ಹೊಸಪೇಟೆಯ ಅಣೆಕಟ್ಟಿಗೆ ಬಂದು, ಅಲ್ಲಿಂದ ಕಾಲುವೆಯಲ್ಲಿ ಗಂಗಾವತಿ ಮೇಲೆ ಹಾದು ನಮ್ಮ ಗದ್ದೆಗೆ ಬರ್ತಾಳೆ. ನಾವು ಉಣ್ಣುವ ಸೋನಾಮಸೂರಿ ಅನ್ನದಲ್ಲಿ ಅವರೂರಿನ ಮಳೆಯೂ ಇದೆ. ಮಲೆನಾಡಿನ ಲೇಖಕಿ ನಮಗೇನಾಗಬೇಕು ಅಂತ ಅಕ್ಕ ಕೇಳಿದಾಗ ನಾನು ಕೊಟ್ಟ ಉತ್ತರ ಇದು. ಅವಳು ನಕ್ಕಳು. ಮಸ್ಕಿಯ ಕಡೆ ಎಷ್ಟೋ ಹೊಲಕ್ಕೆ ಆ ನೀರು ಮುಟ್ಟೋದೇ ಇಲ್ಲ ಅಂತ ತಿರುಗಿ ಹೇಳಿದಳು. ಅದೂ ನಿಜವೇ.

ಫಣಿಯಮ್ಮ

ಇನ್ನು ‘ಫಣಿಯಮ್ಮ’ನ ವಿಷಯ. ಇದನ್ನು ನಿಧಾನವಾಗಿ ಹೇಳಬೇಕು.

ಇಂದಿರಾ ಚಿಕ್ಕವರಿದ್ದಾಗ ಅವರ ಬಳಗದಲ್ಲೇ ಒಬ್ಬ ವೃದ್ಧೆ ಇದ್ದರು. ತಲೆ ಬೋಳಿಸಿಕೊಂಡ, ಮಡಿ ಸೀರೆಯ ವಿಧವೆ. ಆಕೆ ತನ್ನ ಬದುಕಿನ ಸಂಗತಿಗಳನ್ನು ಇಂದಿರಾ ಅವರ ತಾಯಿಯ ಹತ್ತಿರ ಹೇಳಿಕೊಳ್ತಿದ್ದರು. ಕಥೆ ಇಂದಿರಾ ಅವರಿಗೆ ಮುಟ್ಟಿದ್ದು ಹಾಗೆ, ಹೆಂಗಸರ ಬಾಯಿಂದ ಬಾಯಿಗೆ. ಆ ವೃದ್ಧೆಯೇ ಫಣಿಯಮ್ಮ. 1840ರಲ್ಲಿ ಹುಟ್ಟಿ 1952ರ ತನಕ, ಅಂದರೆ ನೂರಾ ಹನ್ನೆರಡು ವರ್ಷ ಬದುಕಿದ ಜೀವ.

ಆಟದ ವಯಸ್ಸಿನಲ್ಲೇ ಮದುವೆ. ಸಂಸಾರ ಅಂದರೆ ಏನು ಅಂತ ಗೊತ್ತಾಗುವ ಮೊದಲೇ ಹುಡುಗ ಹಾವು ಕಚ್ಚಿ ಸತ್ತ. ಫಣಿ ಅಂದರೆ ಹಾವು. ಹೆಸರಲ್ಲೇ ಹಾವಿದ್ದ ಮಗುವಿನ ಬದುಕನ್ನು ಹಾವೇ ಕಚ್ಚಿತು. ಗಂಡ ಅಂದರೆ ಯಾರು ಅಂತ ತಿಳಿಯದ ಮಗುವಿನ ಬಳೆ ಒಡೆದರು. ದೊಡ್ಡವಳಾದ ಮೇಲೆ ಕೂದಲು ತೆಗೆಸಿದರು. ಆಮೇಲೆ ಬದುಕೆಲ್ಲ ಮಡಿ, ಒಪ್ಪತ್ತಿನ ಊಟ, ಮೂಲೆಯ ಜಾಗ, ಇಡೀ ಕೂಡು ಕುಟುಂಬದ ಚಾಕರಿ.

ಇಷ್ಟೇ ಆಗಿದ್ದರೆ ಕಣ್ಣೀರಿನ ಕಥೆ ಒಂದು ಆಗ್ತಿತ್ತು, ಓದಿ ಮೂಗು ಒರೆಸಿಕೊಂಡು ಮರೀತಿದ್ದೆವು. ಇಂದಿರಾ ಅಲ್ಲಿಗೆ ನಿಲ್ಲಲಿಲ್ಲ. ಈ ಹೆಂಗಸು ಒಳಗೊಳಗೇ ಹೇಗೆ ಗಟ್ಟಿಯಾದಳು, ಹೇಗೆ ಯೋಚನೆ ಮಾಡೋಕೆ ಕಲಿತಳು ಅನ್ನುವುದನ್ನು ಬರೆದರು. ತಾನು ಹೆರದ ಫಣಿಯಮ್ಮ ಊರ ಹೆಣ್ಣುಮಕ್ಕಳ ಹೆರಿಗೆ ಮಾಡಿಸುವ ಕೈ ಆಗ್ತಾಳೆ. ಮುಟ್ಟಬಾರದು ಅಂತ ಊರು ದೂರ ಇಟ್ಟ ಕೇರಿಯ ಹೆಣ್ಣೊಬ್ಬಳು ಹೆರಿಗೆ ನೋವಿನಲ್ಲಿ ಸಾಯುವ ಹಾಗಾದಾಗ, ಅಷ್ಟು ಮಡಿಯ ಮುದುಕಿ ಯಾರಿಗೂ ಹೇಳದೆ ಅಲ್ಲಿಗೆ ಹೋಗಿ ಮಗುವನ್ನು ಹೊರಗೆ ತೆಗೀತಾಳೆ. ದಾಕ್ಷಾಯಿಣಿ ಅನ್ನುವ ಎಳೇ ವಿಧವೆ ನಾನು ತಲೆ ಬೋಳಿಸಿಕೊಳ್ಳೋದಿಲ್ಲ ಅಂತ ಹಟ ಹಿಡಿದಾಗ ಆಚಾರವಂತರೆಲ್ಲ ಒಂದು ಕಡೆಯಾದರೆ ಈ ಅಜ್ಜಿ ಆ ಹುಡುಗಿಯ ಕಡೆ ನಿಲ್ತಾಳೆ. ಭಾಷಣ ಇಲ್ಲ, ಕೂಗಾಟ ಇಲ್ಲ. ತನಗೆ ಆದದ್ದು ಇನ್ನೊಬ್ಬಳಿಗೆ ಆಗೋದು ಬೇಡ, ಅಷ್ಟೇ.

ಬರೆಯುವ ಆಸೆ ಇದ್ದವರು ಈ ಪುಸ್ತಕವನ್ನು ಎರಡು ಸಲ ಓದಬೇಕು. ಮೊದಲ ಸಲ ಕಥೆಗೆ. ಎರಡನೇ ಸಲ, ಹೇಗೆ ಬರೆದಿದ್ದಾರೆ ಅಂತ ನೋಡೋಕೆ. ಭಾಷೆ ತೀರಾ ಸರಳ. ಮನೆಯಲ್ಲಿ ಕೂತು ಅತ್ತಿಗೆಯೋ ನಾದಿನಿಯೋ ಹೇಳಿದ ಹಾಗೆ. ಮನೆ ಎಷ್ಟು ದೊಡ್ಡದು, ಬಾಣಂತಿ ಕೋಣೆ ಎಲ್ಲಿ, ಅಲ್ಲಿ ಎಷ್ಟು ಕತ್ತಲೆ, ಯಾರು ಯಾವ ಹೊತ್ತಿಗೆ ಉಣ್ತಾರೆ, ಯಾರು ಯಾರನ್ನು ಮುಟ್ಟಬಾರದು, ಇಂಥದ್ದೆಲ್ಲ ಕಣ್ಣಿಗೆ ಕಟ್ಟುವ ಹಾಗೆ ಬರ್ತದೆ. ಗಂಡಸು ಬರೆದಿದ್ದರೆ ಆ ಬಾಣಂತಿ ಕೋಣೆಯ ಒಳಗೆ ಹೋಗೋಕೆ ಆಗ್ತಿರಲಿಲ್ಲ ಅಂತ ನನಗನಿಸ್ತದೆ. ಕಷ್ಟದ ಜಾಗಗಳಲ್ಲೂ ದನಿ ಏರುವುದಿಲ್ಲ. ಅಳೋದನ್ನು ನಮಗೇ ಬಿಟ್ಟಿದ್ದಾರೆ.

ಇನ್ನೊಂದು ವಿಷಯ, ಅಕ್ಕನಿಗೆ ನಾನು ಒತ್ತಿ ಹೇಳಿದ್ದು. ಫಣಿಯಮ್ಮ ತೀರಿಕೊಂಡಾಗ ಇಂದಿರಾ ಅವರಿಗೆ ಮೂವತ್ತೈದು. ಪುಸ್ತಕ ಬಂದದ್ದು 1976ರಲ್ಲಿ, ಅವರಿಗೆ ಐವತ್ತೊಂಬತ್ತು ಆದಾಗ. ನಡುವೆ ಇಪ್ಪತ್ನಾಲ್ಕು ವರ್ಷ. ಅಷ್ಟರಲ್ಲಿ ಬೇರೆ ಕಾದಂಬರಿಗಳನ್ನು ಬರೆದು ಕೈ ಪಳಗಿತ್ತು. ಎದೆಯೊಳಗಿನ ದೊಡ್ಡ ಕಥೆಯನ್ನೇ ಮೊದಲು ಬರೆದಿದ್ದರೆ ಹೀಗೆ ಬರ್ತಿತ್ತೋ ಇಲ್ಲವೋ ಯಾರಿಗೆ ಗೊತ್ತು. ಹಾಗಂತ ಎಲ್ಲರೂ ಇಪ್ಪತ್ನಾಲ್ಕು ವರ್ಷ ಕಾಯಬೇಕು ಅಂತಲ್ಲ. ತ್ರಿವೇಣಿ ಅವರ ಕಥೆ ಮೇಲೆ ಹೇಳಿದೆನಲ್ಲ.

ಮನೆ ಗುಟ್ಟಿನ ಮಾತು ಹೇಳ್ತೀನಿ. ಇಂದಿರಾ ತಮ್ಮ ಬಳಗದ ಮುದುಕಿಯ ಬದುಕನ್ನು ಬರೆದರು, ಅದೂ ಆಕೆಯ ಹೆಸರನ್ನೇ ಪುಸ್ತಕಕ್ಕೆ ಇಟ್ಟು. ಆ ಬಳಗಕ್ಕೆ ಅವಮಾನ ಆಯಿತೇ? ಇವತ್ತು ಫಣಿಯಮ್ಮ ಅಂದರೆ ಕೈ ಮುಗಿಯುವವರೇ ಇದ್ದಾರೆ. ಯಾಕೆಂದರೆ ಅವರು ಯಾರ ಮೇಲೂ ಸೇಡು ತೀರಿಸಿಕೊಳ್ಳೋಕೆ ಬರೆಯಲಿಲ್ಲ. ಕೂದಲು ತೆಗೆಸಿದವರನ್ನೂ ರಾಕ್ಷಸರ ಹಾಗೆ ಚಿತ್ರಿಸಲಿಲ್ಲ. ಅವರೂ ತಮಗೆ ಗೊತ್ತಿದ್ದ ಧರ್ಮಕ್ಕೆ ಹೆದರಿದ ಜನ. ಬದುಕಿರುವವರ ಮೇಲಿನ ಸಿಟ್ಟಿಗೆ ಬರೆಯುವುದು ಬೇರೆ, ಸತ್ತವರಿಗೆ ನ್ಯಾಯ ಸಿಗಲಿ ಅಂತ ಬರೆಯುವುದು ಬೇರೆ. ಮನೆಯವರ ಬಗ್ಗೆ ಬರೆಯುವ ಗೆಳತಿಯರು ಪೆನ್ನು ಹಿಡಿಯುವ ಮೊದಲು ಇದೊಂದನ್ನು ತಮ್ಮನ್ನೇ ಕೇಳಿಕೊಂಡರೆ ಒಳ್ಳೆಯದು. ಬದುಕಿರುವವರ ಹೆಸರು, ಊರು, ಗುರುತು ಬದಲಿಸಿಬಿಡಿ. ಕಥೆಗೆ ಅದರಿಂದ ಏನೂ ಕಮ್ಮಿ ಆಗೋದಿಲ್ಲ.

ಅಕ್ಕನ ಊರು ಮಸ್ಕಿಗೆ ಹೋದವರು ಅಶೋಕನ ಶಾಸನ ನೋಡಿರ್ತೀರಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅನ್ನುವವರ ಕಣ್ಣಿಗೆ ಬಿದ್ದದ್ದು ಅದು. ಅಲ್ಲಿ ತನಕ ಸಿಕ್ಕ ಶಾಸನಗಳಲ್ಲೆಲ್ಲ ದೇವರಿಗೆ ಪ್ರಿಯನಾದವನು ಅನ್ನುವ ಬಿರುದು ಇತ್ತೇ ಹೊರತು ಅಶೋಕ ಅನ್ನುವ ಹೆಸರು ಇರಲಿಲ್ಲ. ಹೆಸರು ಸಿಕ್ಕಿದ್ದು ನಮ್ಮ ಮಸ್ಕಿಯ ಬಂಡೆ ಮೇಲೆ. ಚಕ್ರವರ್ತಿಗೇ ಹೆಸರು ಸಿಗೋಕೆ ಅಷ್ಟು ಶತಮಾನ ಕಾಯಬೇಕಾಯಿತು. ನಮ್ಮ ಸಣ್ಣಜ್ಜಿಗೆ ಹೆಸರೊಂದು ಇತ್ತು ಅಂತ ನನಗೆ ಗೊತ್ತಾದದ್ದೇ ಹೋದ ದೀಪಾವಳಿಗೆ.

‘ಫಣಿಯಮ್ಮ’ನಿಗೂ ಅಕಾಡೆಮಿಯ ಬಹುಮಾನ ಬಂತು. 1983ರಲ್ಲಿ ಪ್ರೇಮಾ ಕಾರಂತ ಅದನ್ನು ಸಿನಿಮಾ ಮಾಡಿದರು, ಎಲ್.ವಿ. ಶಾರದಾ ಫಣಿಯಮ್ಮ ಆಗಿದ್ದರು. ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದದ್ದು 1989ರಲ್ಲಿ ಪ್ರಕಟವಾಗಿ, ಅನುವಾದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವೂ ಬಂತು. ಏಳು ವರ್ಷ ಶಾಲೆ ಕಂಡವರ ಪುಸ್ತಕವನ್ನು ಈಗ ವಿಶ್ವವಿದ್ಯಾಲಯಗಳಲ್ಲಿ ಓದ್ತಾರೆ.

ಗೆಜ್ಜೆಪೂಜೆ ಮತ್ತು ನಮ್ಮ ಸೀಮೆ

ಇಂದಿರಾ ಅಂದರೆ ಹೆಚ್ಚಿನವರಿಗೆ ಮೊದಲು ನೆನಪಾಗೋದು ‘ಗೆಜ್ಜೆಪೂಜೆ’ಯೇ. 1969ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದಾಗ ಕಲ್ಪನಾ ಚಂದ್ರಾ ಆಗಿದ್ದರು. ನಮ್ಮಮ್ಮ ಈಗಲೂ ಆ ಚಿತ್ರ ಟಿವಿಯಲ್ಲಿ ಬಂದರೆ ಕೊನೆಯ ಹದಿನೈದು ನಿಮಿಷ ಎದ್ದು ಹೊರಗೆ ಹೋಗ್ತಾರೆ. ನೋಡೋಕೆ ಆಗೋದಿಲ್ಲ ಅಂತಾರೆ. ಗೆಜ್ಜೆಪೂಜೆ ಮಾಡಿಸಿಕೊಂಡು ತಾಯಿಯ ದಾರಿ ಹಿಡಿಯಬೇಕಾದ ಮನೆಯಲ್ಲಿ ಹುಟ್ಟಿದ ಹುಡುಗಿ, ನಾನು ಓದ್ತೀನಿ, ಎಲ್ಲರ ಹಾಗೆ ಮದುವೆ ಆಗ್ತೀನಿ ಅಂತ ಆಸೆಪಟ್ಟದ್ದು, ಸಮಾಜ ಬಿಡದೆ ಹೋದದ್ದು. ತೆಲುಗಿನಲ್ಲಿ ‘ಕಲ್ಯಾಣ ಮಂಟಪಂ’, 1981ರಲ್ಲಿ ಹಿಂದಿಯಲ್ಲಿ ‘ಆಹಿಸ್ತಾ ಆಹಿಸ್ತಾ’ ಆಗಿ ಅದೇ ಕಥೆ ದೇಶ ಸುತ್ತಿತು.

ನಮ್ಮ ರಾಯಚೂರು, ಕೊಪ್ಪಳದ ಕಡೆಯವರಿಗೆ ಇದು ಬರೀ ಸಿನಿಮಾ ಅಲ್ಲ. ದೇವರ ಹೆಸರಿನಲ್ಲಿ ಮುತ್ತು ಕಟ್ಟುವ ಪದ್ಧತಿಯನ್ನು ಕರ್ನಾಟಕದಲ್ಲಿ ಕಾನೂನು ತಡೆದದ್ದು 1982ರ ಕಾಯ್ದೆಯಲ್ಲಿ. ಸಿನಿಮಾ ಬಂದು ಹದಿಮೂರು ವರ್ಷದ ಮೇಲೆ. ಆ ಬದುಕು ಬದುಕಿದ ತಾಯಂದಿರು ಇವತ್ತಿಗೂ ನಮ್ಮ ಓಣಿಗಳಲ್ಲಿ ಇದ್ದಾರೆ. ಅವರ ಮಕ್ಕಳು ಓದಿ ನೌಕರಿ ಹಿಡಿದಿದ್ದಾರೆ. ಅವರಲ್ಲೇ ಒಬ್ಬಳು ಒಂದು ದಿನ ಪೆನ್ನು ಹಿಡಿದು ಬರೆದರೆ ಇಂದಿರಾ ಹೊರಗೆ ನಿಂತು ಕಂಡದ್ದನ್ನು ಅವಳು ಒಳಗಿನಿಂದ ಬರೀತಾಳೆ.

ಮೂವತ್ತೊಂದು ವರ್ಷ, ಐವತ್ತರ ಹತ್ತಿರ ಕಾದಂಬರಿ

ಇಂದಿರಾ ತೀರಿಕೊಂಡದ್ದು 1994ರ ಮಾರ್ಚ್ 15ರಂದು, ಎಪ್ಪತ್ತೇಳನೇ ವಯಸ್ಸಿನಲ್ಲಿ. ಅಷ್ಟರಲ್ಲಿ ಐವತ್ತರ ಸಮೀಪ ಕಾದಂಬರಿ, ಅದರ ಜೊತೆಗೆ ಕಥಾಸಂಕಲನಗಳು. ಲೆಕ್ಕ ಹಾಕಿದರೆ ವರ್ಷಕ್ಕೆ ಒಂದೂವರೆ ಕಾದಂಬರಿ. ಎಲ್ಲವೂ ‘ಫಣಿಯಮ್ಮ’ನಷ್ಟು ಎತ್ತರದವು ಅಂತ ನಾನು ಹೇಳೋದಿಲ್ಲ. ಕೆಲವು ಓದಿ ಮುಗಿಸಿದ ಮೇಲೆ ಹೆಸರೂ ನೆನಪಿರೋದಿಲ್ಲ. ಆದರೆ ದಿನಾ ಒಲೆ ಹಚ್ಚುವವಳ ಎಲ್ಲ ಅಡುಗೆಯೂ ಹಬ್ಬದ ಅಡುಗೆ ಆಗಿರ್ತದೇನು? ವಾರಪತ್ರಿಕೆಯ ಧಾರಾವಾಹಿಗೆ ಕಾಯ್ತಿದ್ದ, ಬಾಡಿಗೆ ಲೈಬ್ರರಿಯಿಂದ ದಿನಕ್ಕೆ ಇಷ್ಟು ಅಂತ ಕೊಟ್ಟು ಪುಸ್ತಕ ತರ್ತಿದ್ದ ಹೆಣ್ಣುಮಕ್ಕಳಿಗಾಗಿ ಅವರ ಕಾಲದ ಲೇಖಕಿಯರು ಬರೆದರು. ಅಡುಗೆಮನೆ ಸಾಹಿತ್ಯ ಅಂತ ಅದನ್ನು ಹಗುರ ಮಾಡಿದವರೂ ಇದ್ದರು. ಆದರೂ ನಮ್ಮ ತಾಯಂದಿರಿಗೆ ಓದುವ ರೂಢಿ ಹತ್ತಿದ್ದು ಆ ಪುಸ್ತಕಗಳಿಂದಲೇ.

ಅವರಿಗಿಂತ ಹಿಂದೆ ನಂಜನಗೂಡು ತಿರುಮಲಾಂಬಾ ಇದ್ದರು. ಸ್ವತಃ ಬಾಲವಿಧವೆ. 1913ರಲ್ಲಿ ‘ಸತೀಹಿತೈಷಿಣಿ’ ಅನ್ನುವ ಗ್ರಂಥಮಾಲೆ ಶುರು ಮಾಡಿ, ತಾವೇ ಬರೆದು ತಾವೇ ಪ್ರಕಟಿಸಿದವರು. ಯಾರೂ ಅಚ್ಚು ಹಾಕೋದಿಲ್ಲ ಅಂತ ಸುಮ್ಮನೆ ಕೂತಿರಲಿಲ್ಲ ಅವರು.

ಈಗ ನಮ್ಮ ಮಾತು. ದಿನಕ್ಕೆ ಒಂದೇ ಪುಟ ಬರೆದರೂ ಆರು ತಿಂಗಳಿಗೆ ನೂರಾ ಎಂಬತ್ತು ಪುಟ, ಅಂದರೆ ಒಂದು ಕಾದಂಬರಿ. ಮಧ್ಯಾಹ್ನದ ಆ ಒಂದೂವರೆ ಗಂಟೆಯಲ್ಲಿ ಒಂದು ಪುಟ ಆಗೋದಿಲ್ಲವೇ? ಕೆಲವು ದಿನ ಆಗೋದಿಲ್ಲ. ನೆಂಟರು ಬರ್ತಾರೆ, ಮಗುವಿಗೆ ಜ್ವರ ಬರ್ತದೆ, ಹಪ್ಪಳ ಸಂಡಿಗೆ ಕಾಲ ಬರ್ತದೆ. ಅಂಥ ದಿನ ಎರಡು ಸಾಲು ಬರೆದು ಮುಚ್ಚಿಡಿ, ನಾಳೆ ಎಲ್ಲಿಂದ ಹಿಡಿಯಬೇಕು ಅನ್ನೋದಾದರೂ ಗೊತ್ತಿರ್ತದೆ. ಬರೆಯೋಕೆ ಬೇಸರ ಅನ್ನುವವರು ಫೋನಿನಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದೇ ಅಕ್ಷರ ಮಾಡಿಕೊಡ್ತದೆ. ನಮ್ಮ ಭಾಷೆಯ ‘ಐತಿ’, ‘ಬರ್ಲಿಕ್ಕತ್ಯಾರ’ ಅದಕ್ಕೆ ತಿಳಿಯೋದಿಲ್ಲ, ಅಲ್ಲಲ್ಲಿ ತಿದ್ದಬೇಕು. ತಿದ್ದಿ, ಆದರೆ ಬಿಡಬೇಡಿ. ಇಂದಿರಾ ಮಲೆನಾಡಿನ ಮಾತನ್ನು ಬಿಡದೆ ಬರೆದದ್ದಕ್ಕೇ ಅವರ ಪಾತ್ರಗಳು ಇನ್ನೂ ಮಾತಾಡ್ತಾವೆ. ನಮ್ಮ ಸಿಂಧನೂರು ಸೀಮೆಯ ಹೆಂಗಸು ಕಾದಂಬರಿಯಲ್ಲಿ ಬಂದ ಕೂಡಲೇ ಬೆಂಗಳೂರಿನ ಕನ್ನಡ ಮಾತಾಡಬೇಕಾಗಿಲ್ಲ.

ಪತ್ರಿಕೆಗೆ ಕಳಿಸುವಾಗ ಒಂದು ಪ್ರತಿ ನಿಮ್ಮಲ್ಲಿ ಇರಲಿ. ಇದು ನಾನು ಪೆಟ್ಟು ತಿಂದು ಕಲಿತದ್ದು. ಮದುವೆ ಆದ ಹೊಸತರಲ್ಲಿ ಕೈಯಲ್ಲಿ ಬರೆದ ಒಂದು ಕಥೆಯ ಇದ್ದೊಂದೇ ಪ್ರತಿಯನ್ನು ಒಂದು ವಾರಪತ್ರಿಕೆಗೆ ಕಳಿಸಿದೆ. ಏಳು ತಿಂಗಳು ಕಾದೆ. ಅಚ್ಚೂ ಆಗಲಿಲ್ಲ, ತಿರುಗಿ ಬರಲೂ ಇಲ್ಲ. ಆ ಕಥೆಯನ್ನು ಮತ್ತೆ ಬರೆಯೋಕೆ ಕೂತರೆ ಮೊದಲಿನ ಹಾಗೆ ಬರಲೇ ಇಲ್ಲ. ಎರಡು ವರ್ಷ ಪೆನ್ನು ಮುಟ್ಟಲಿಲ್ಲ ನಾನು. ಆ ಎರಡು ವರ್ಷದ ಬಗ್ಗೆ ಈಗ ಬೇಜಾರಾಗ್ತದೆ, ಕಥೆ ಕಳೆದದ್ದಕ್ಕೆ ಅಷ್ಟಾಗಿ ಅಲ್ಲ.

ಮೊದಲ ಓದುಗರು ಯಾರು ಅನ್ನುವುದನ್ನೂ ಯೋಚಿಸಿ ಆರಿಸಿಕೊಳ್ಳಿ. ಯಜಮಾನರಿಗೆ ತೋರಿಸಿದರೆ ಎರಡೇ ಉತ್ತರ, ಚೆನ್ನಾಗಿದೆ ಅಥವಾ ಊಟಕ್ಕೇನು. (ನಮ್ಮನೆಯವರು ಇದನ್ನು ಓದ್ತಾರೆ, ಇರಲಿ.) ಓದುವ ರೂಢಿ ಇರುವ, ಇಲ್ಲಿ ಎಳೀತು, ಇಲ್ಲಿ ಸುಳ್ಳು ಅನಿಸ್ತು ಅಂತ ಮುಖಕ್ಕೆ ಹೇಳುವ ಒಬ್ಬ ಗೆಳತಿ ಸಾಕು. ವಯಸ್ಸು ನೋಡಬೇಡಿ. ಮಂಡ್ಯದಲ್ಲಿ ಇಂದಿರಾ ನೋಡಲಿಲ್ಲ.

ಅಕ್ಕ ಸಂಕ್ರಾಂತಿ ಆದ ಮೇಲೆ ಶುರು ಮಾಡಿದಳು. ಹೋದ ವಾರ ಫೋನ್ ಮಾಡಿದಾಗ ಮೂವತ್ತೆರಡನೇ ಪುಟದಲ್ಲಿ ಇದ್ದಳು. ಬಾವ ಒಂದು ದಿನ ಪುಸ್ತಕ ನೋಡಿ ಏನೂ ಅನ್ನಲಿಲ್ಲವಂತೆ, ಮರುದಿನ ಸಂತೆಯಿಂದ ಬರುವಾಗ ಎರಡು ಪೆನ್ನು ತಂದಿಟ್ಟರಂತೆ. ಈಗ ಅವಳು ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದಾಳೆ. ಸಣ್ಣಜ್ಜಿ ಉಡ್ತಿದ್ದ ಕೆಂಪು ಸೀರೆಗೆ ಅಂಚು ಇತ್ತೋ ಇಲ್ಲವೋ ಅನ್ನುವುದು ಅವಳಿಗೆ ನೆನಪಾಗ್ತಿಲ್ಲ. ಹತ್ತು ವರ್ಷ ಆ ಸೆರಗು ಹಿಡಿದು ಮಲಗಿದವಳು, ಅದೊಂದೇ ನೆನಪಿಲ್ಲ ಅಂತ ಫೋನಿನಲ್ಲೇ ಅತ್ತಳು. ಅಮ್ಮನನ್ನು ಕೇಳಿದರೆ, ಹಿಂದಿನ ಕೋಣೆಯ ಟ್ರಂಕಿನಲ್ಲಿ ಒಂದು ಇನ್ನೂ ಇರಬೇಕು, ಆದರೆ ಬೀಗದ ಕೈ ಎಲ್ಲಿದೆಯೋ ಹುಡುಕಬೇಕು ಅಂದರು. ಮೊದಲು ಗದರಿದ್ದ ಅದೇ ಅಮ್ಮ. ಬರುವ ಗುರುವಾರ ನಾನು ಇಲ್ಲಿಂದ ಬೆಳಗಿನ ಬಸ್ಸಿಗೆ ಹೊರಟು, ಮಸ್ಕಿಯಲ್ಲಿ ಅಕ್ಕನನ್ನು ಹತ್ತಿಸಿಕೊಂಡು ಲಿಂಗಸುಗೂರಿಗೆ ಹೋಗೋದು ಅಂತ ಆಗಿದೆ. ಕೈ ಸಿಗದಿದ್ದರೆ ಬೀಗ ಒಡೆಸೋದೇ.